ದಿನಕ್ಕೆ 45 ಮೈಕ್ರೋಗ್ರಾಂ: ಗಂಡಸಿನ ಈಸ್ಟ್ರೋಜನ್ ಎಲ್ಲಿ ತಯಾರಾಗುತ್ತದೆ?

ಆರೋಗ್ಯವಂತ ಯುವಕನ ದೇಹದಲ್ಲಿ ದಿನವೊಂದಕ್ಕೆ ಸುಮಾರು 45 ಮೈಕ್ರೋಗ್ರಾಂ ಎಸ್ಟ್ರಾಡಯಾಲ್ ತಯಾರಾಗುತ್ತದೆ. ಈಸ್ಟ್ರೋಜನ್ ಗುಂಪಿನ ಹಾರ್ಮೋನುಗಳಲ್ಲಿ ಎಲ್ಲಕ್ಕಿಂತ ಪ್ರಬಲವಾದದ್ದು ಇದು. ಊಟದ ಉಪ್ಪಿನ ಒಂದೇ ಒಂದು ಹರಳು ಹೆಚ್ಚುಕಡಿಮೆ ಇಷ್ಟು ತೂಗೀತು. ಅದೇ ದೇಹ ಅದೇ ದಿನ ತಯಾರಿಸುವ ಟೆಸ್ಟೋಸ್ಟೆರಾನ್ 6 ಮಿಲಿಗ್ರಾಂ ಆಸುಪಾಸು, ಅಂದರೆ 6,000 ಮೈಕ್ರೋಗ್ರಾಂ. ಒಂದಕ್ಕೆ 133ರ ಅನುಪಾತ. ಇದೇ ದರ ಹಿಡಿದು ಗುಣಿಸಿದರೆ ವರ್ಷಕ್ಕೆ ಟೆಸ್ಟೋಸ್ಟೆರಾನ್ 2.2 ಗ್ರಾಂ, ಎಸ್ಟ್ರಾಡಯಾಲ್ 16.4 ಮಿಲಿಗ್ರಾಂ. ಐವತ್ತು ವರ್ಷದ ಪ್ರಾಯಕಾಲಕ್ಕೆ ಒಂದು 110 ಗ್ರಾಂ ಆದರೆ ಇನ್ನೊಂದು ಒಂದು ಗ್ರಾಮನ್ನೂ ಮುಟ್ಟುವುದಿಲ್ಲ.

ಇಷ್ಟು ಅಲ್ಪವಾದದ್ದಕ್ಕೆ ಲೆಕ್ಕ ಇಡುವ ಅಗತ್ಯವೇನು ಎಂದು ಕೇಳಬಹುದು. ಮೊದಲು ಈ ಹೋಲಿಕೆ ನೋಡಿ. ವಯಸ್ಕ ಗಂಡಸಿನ ರಕ್ತದಲ್ಲಿ ಎಸ್ಟ್ರಾಡಯಾಲ್ ಮಿಲಿಲೀಟರಿಗೆ 10ರಿಂದ 40 ಪಿಕೋಗ್ರಾಂ ಇರುತ್ತದೆ. ಹೆಣ್ಣಿನಲ್ಲಿ ಅಂಡ ಬಿಡುಗಡೆಯ ಹೊತ್ತಿಗೆ ಅದು 200ರಿಂದ 400ಕ್ಕೆ ಏರಿ ಇಳಿಯುತ್ತದೆ. ಮುಟ್ಟು ನಿಂತ ಮೇಲೆ ಬಹುತೇಕ ಹೆಂಗಸರಲ್ಲಿ 20ರ ಕೆಳಗೆ ಬರುತ್ತದೆ. ಅಂದಮೇಲೆ ಅರವತ್ತು ದಾಟಿದ ದಂಪತಿಯ ರಕ್ತ ಪರೀಕ್ಷಿಸಿದರೆ 'ಹೆಣ್ಣಿನ ಹಾರ್ಮೋನು' ಸಾಮಾನ್ಯವಾಗಿ ಗಂಡನಲ್ಲೇ ಹೆಚ್ಚು. ಗಂಡಸಿನ ಪ್ರಮಾಣವನ್ನು 25 ಪಿಕೋಗ್ರಾಂ ಎಂದಿಟ್ಟುಕೊಂಡರೆ ಒಂದು ಮಿಲಿಲೀಟರಿನಲ್ಲಿರುವ ಅಣುಗಳ ಸಂಖ್ಯೆ ಸುಮಾರು 5,500 ಕೋಟಿ. ತೂಕದಲ್ಲಿ ಅಲ್ಪವಾದದ್ದು ಎಣಿಕೆಯಲ್ಲಿ ಅಲ್ಪವಲ್ಲ.

ಆ 45 ಮೈಕ್ರೋಗ್ರಾಂ ಬರುವುದೆಲ್ಲಿಂದ? 1970ರ ದಶಕದಲ್ಲಿ ಅಮೆರಿಕದ ಸಂಶೋಧಕರು ವಿಕಿರಣ ಗುರುತು ಹಾಕಿದ ಹಾರ್ಮೋನುಗಳನ್ನು ದೇಹಕ್ಕೆ ಬಿಟ್ಟು, ಅವು ಏನಾಗಿ ಮಾರ್ಪಡುತ್ತವೆಂದು ಬೆನ್ನುಹತ್ತಿ ಅಳೆದರು. ಆ ಲೆಕ್ಕದಂತೆ ಸುಮಾರು 17 ಮೈಕ್ರೋಗ್ರಾಂ ರಕ್ತದಲ್ಲಿ ಓಡಾಡುವ ಟೆಸ್ಟೋಸ್ಟೆರಾನಿನಿಂದ ಹುಟ್ಟುತ್ತದೆ. ಸುಮಾರು 22 ಮೈಕ್ರೋಗ್ರಾಂ ಎಸ್ಟ್ರೋನ್ ಎಂಬ ದುರ್ಬಲ ಈಸ್ಟ್ರೋಜನ್ ಮಾರ್ಪಟ್ಟು ಬರುತ್ತದೆ. ಈ ಎರಡೂ ಕೆಲಸ ನಡೆಯುವುದು ಕೊಬ್ಬು, ಸ್ನಾಯು, ಚರ್ಮ, ಮೂಳೆ, ಮಿದುಳು ಮೊದಲಾದ ಕಡೆ, ವೃಷಣದ ಹೊರಗೆ. ವೃಷಣವೇ ನೇರವಾಗಿ ರಕ್ತಕ್ಕೆ ಸುರಿಯುವುದು ಉಳಿದ 6 ಮೈಕ್ರೋಗ್ರಾಂ ಮಾತ್ರ. ಶೇಕಡಾ 13ರಿಂದ 15. ಬೇರೆ ಬೇರೆ ಅಧ್ಯಯನಗಳಲ್ಲಿ ಈ ಪಾಲು 20ರವರೆಗೂ ಹೋಗುತ್ತದೆ.

ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ: ಗಂಡಸಿನ ಈಸ್ಟ್ರೋಜನ್ ಮುಖ್ಯವಾಗಿ ವೃಷಣದ ಹೊರಗೆ ತಯಾರಾಗುತ್ತದೆ, ವೃಷಣದ್ದು ಸಣ್ಣ ಪಾಲು. ವಾಕ್ಯ ಸರಿಯೇ. ಆದರೆ ಅರ್ಧ ಲೆಕ್ಕ. ಒಟ್ಟು ಮೊತ್ತ ನೋಡಿ ಬಾಬ್ತಿನ ಮಹತ್ವ ತೀರ್ಮಾನಿಸಿದರೆ ಆಗುವ ಎಡವಟ್ಟು ಇದು.

ಇನ್ನರ್ಧ ಹೀಗಿದೆ. ಎರಡೂ ವೃಷಣಗಳ ತೂಕ ಸೇರಿ ಸುಮಾರು 40 ಗ್ರಾಂ. 70 ಕಿಲೋ ತೂಗುವ ಗಂಡಸಿನ ದೇಹದಲ್ಲಿ ಅದು ಶೇಕಡಾ 0.06. ಈ 40 ಗ್ರಾಂ ಅಂಗಾಂಶ 6 ಮೈಕ್ರೋಗ್ರಾಂ ಕೊಡುತ್ತದೆ. ಮಿಕ್ಕ ದೇಹವೆಲ್ಲ ಸೇರಿ ಕೊಡುವುದು 39. ಗ್ರಾಂ ಲೆಕ್ಕಕ್ಕೆ ಇಳಿಸಿದರೆ ವೃಷಣದ ಒಂದು ಗ್ರಾಂ ದಿನಕ್ಕೆ 0.15 ಮೈಕ್ರೋಗ್ರಾಂ, ಉಳಿದ ದೇಹದ ಒಂದು ಗ್ರಾಂ ಸರಾಸರಿ 0.00056. ಸುಮಾರು 270 ಪಟ್ಟು ಅಂತರ. 1972ರಲ್ಲಿ ವೃಷಣದಿಂದ ಹೊರಬರುವ ರಕ್ತನಾಳದಿಂದಲೇ ನೇರವಾಗಿ ರಕ್ತ ತೆಗೆದು ನೋಡಿದಾಗ, ತೋಳಿನ ರಕ್ತಕ್ಕಿಂತ ಅಲ್ಲಿ ಎಸ್ಟ್ರಾಡಯಾಲ್ ಹತ್ತಾರು ಪಟ್ಟು ಹೆಚ್ಚಿದ್ದುದು ಕಂಡಿತ್ತು.

ವೃಷಣದೊಳಗೆ ಯಾವ ಕೋಶ ಈ ಕೆಲಸ ಮಾಡುತ್ತದೆ ಎಂಬುದಕ್ಕೆ ಉತ್ತರ ಒಂದಲ್ಲ. ವೀರ್ಯಾಣು ಹುಟ್ಟುವುದು ನೂಲಿನಂತೆ ಸಣ್ಣಗೆ ಸುತ್ತಿಕೊಂಡ ನಳಿಕೆಗಳೊಳಗೆ. ನಳಿಕೆ ನಳಿಕೆಗಳ ನಡುವಿನ ಜಾಗದಲ್ಲಿ ಲೇಡಿಗ್ ಕೋಶಗಳಿವೆ. ಯುವಕನಲ್ಲಿ ಇವುಗಳ ಸಂಖ್ಯೆ 50 ಕೋಟಿಗೂ ಮೇಲೆ. ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನು ಕಳಿಸಿದಾಗ ಇವು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ, ಅದರಲ್ಲಿ ಚೂರನ್ನು ಅಲ್ಲೇ ಎಸ್ಟ್ರಾಡಯಾಲ್ ಮಾಡುತ್ತವೆ. 50 ಕೋಟಿ ಕೋಶಕ್ಕೆ ಹಂಚಿ ನೋಡಿದರೆ ಒಂದು ಲೇಡಿಗ್ ಕೋಶ ಸೆಕೆಂಡಿಗೆ ಟೆಸ್ಟೋಸ್ಟೆರಾನಿನ 2.9 ಲಕ್ಷ ಅಣುಗಳನ್ನೂ ಎಸ್ಟ್ರಾಡಯಾಲಿನ 300 ಅಣುಗಳನ್ನೂ ಹೊರಹಾಕಿದಂತಾಯಿತು. ವಯಸ್ಕನಲ್ಲಿ ವೃಷಣದ ಈಸ್ಟ್ರೋಜನ್ನಿಗೆ ಮುಖ್ಯ ತಾಣ ಇದೇ.

ಹುಡುಗನಲ್ಲಿ ಹಾಗಲ್ಲ. ನಳಿಕೆಯ ಒಳಗೋಡೆಗೆ ಅಂಟಿಕೊಂಡು ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳು ಎಳೆಯ ವಯಸ್ಸಿನಲ್ಲಿ ಈ ಕೆಲಸ ಮಾಡುತ್ತವೆ. ಎಳೆ ಇಲಿಗಳ ಸರ್ಟೋಲಿ ಕೋಶಗಳು ಎಫ್‌ಎಸ್‌ಎಚ್ ಎಂಬ ಹಾರ್ಮೋನು ತಾಗಿದೊಡನೆ ಎಸ್ಟ್ರಾಡಯಾಲ್ ತಯಾರಿಸುವುದನ್ನು ಡಾರಿಂಗ್ಟನ್ ಮತ್ತು ಆರ್ಮ್‌ಸ್ಟ್ರಾಂಗ್ 1975ರಲ್ಲಿ ತೋರಿಸಿದರು. ಪ್ರಾಣಿ ಬೆಳೆದಂತೆ ಜವಾಬ್ದಾರಿ ಲೇಡಿಗ್ ಕೋಶಗಳಿಗೆ ದಾಟುತ್ತದೆ.

ಮೂರನೆಯದನ್ನು ಬಹಳ ಕಾಲ ಯಾರೂ ಎಣಿಕೆಗೇ ತಂದಿರಲಿಲ್ಲ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗುಂಪು ವಯಸ್ಕ ಸುಂಡಿಲಿಯ ವೃಷಣದಲ್ಲಿ ಬೆಳೆಯುತ್ತಿರುವ ವೀರ್ಯಾಣುಗಳಲ್ಲೇ ಅರೋಮಟೇಸ್ ಇರುವುದನ್ನು ಪತ್ತೆಹಚ್ಚಿತು. ಅರೋಮಟೇಸ್ ಎಂದರೆ ಟೆಸ್ಟೋಸ್ಟೆರಾನನ್ನು ಎಸ್ಟ್ರಾಡಯಾಲ್ ಮಾಡುವ ಕಿಣ್ವ. ವೀರ್ಯಾಣು ವೃಷಣ ಬಿಟ್ಟು ಹೊರಟಾಗಲೂ ಕುತ್ತಿಗೆಯ ಬಳಿ ಅಂಟಿಕೊಂಡ ಒಂದು ಹನಿ ಕೋಶದ್ರವದಲ್ಲಿ ಆ ಕಿಣ್ವವನ್ನು ಹೊತ್ತೇ ಹೋಗುತ್ತದೆ. ಅಂದರೆ ದಾರಿಯುದ್ದಕ್ಕೂ ಈಸ್ಟ್ರೋಜನ್ ತಯಾರಿಸಿಕೊಂಡು ಸಾಗುವ ಸಾಮರ್ಥ್ಯ ಅದಕ್ಕಿದೆ. ಈ ಭಾಗ ಆ 45 ಮೈಕ್ರೋಗ್ರಾಂ ಲೆಕ್ಕಕ್ಕೆ ಸಿಕ್ಕುವುದಿಲ್ಲ, ಏಕೆಂದರೆ ಅದು ಬಳಕೆಯಾಗುವುದು ನಳಿಕೆಯೊಳಗೆ. ಇಲಿಯ ವೃಷಣದಿಂದ ಹೊರಬೀಳುವ ದ್ರವದಲ್ಲಿ ಎಸ್ಟ್ರಾಡಯಾಲ್ ಮಿಲಿಲೀಟರಿಗೆ ಸುಮಾರು 250 ಪಿಕೋಗ್ರಾಂ ಎಂದು 1979ರಲ್ಲೇ ಅಳೆದಿದ್ದರು. ಗಂಡು ಇಲಿಯ ರಕ್ತದಲ್ಲಿರುವುದು ಅದರ ಸಣ್ಣದೊಂದು ಅಂಶ ಮಾತ್ರ.

ಕಿಣ್ವದ ಖರ್ಚನ್ನೂ ನೋಡಿಬಿಡೋಣ. ಟೆಸ್ಟೋಸ್ಟೆರಾನಿನಲ್ಲಿ 19 ಇಂಗಾಲದ ಪರಮಾಣುಗಳಿವೆ, ಎಸ್ಟ್ರಾಡಯಾಲಿನಲ್ಲಿ 18. ಆ ಒಂದನ್ನು ಕಿತ್ತು ಹಾಕಲು ಅರೋಮಟೇಸ್ ಪ್ರತಿ ಅಣುವಿಗೆ ಮೂರು ಆಮ್ಲಜನಕದ ಅಣು, ಮೂರು ಎನ್‌ಎಡಿಪಿಎಚ್ ಎಂಬ ಸಹಾಯಕ ಅಣು ವ್ಯಯಿಸುತ್ತದೆ. ಕಿತ್ತ ಇಂಗಾಲ ಫಾರ್ಮಿಕ್ ಆಮ್ಲವಾಗಿ ಹೊರಹೋಗುತ್ತದೆ. ವಾಪಸು ಬರುವ ದಾರಿ ಇಲ್ಲ, ಎಸ್ಟ್ರಾಡಯಾಲ್ ಮತ್ತೆ ಟೆಸ್ಟೋಸ್ಟೆರಾನ್ ಆಗದು. ಇದಕ್ಕೆ ಬೇಕಾದ ಜೀನು ಗಂಡು ಹೆಣ್ಣು ಇಬ್ಬರಲ್ಲೂ 15ನೇ ವರ್ಣತಂತುವಿನ ಮೇಲಿದೆ, ಒಂದೇ ಜೀನು.

ಗಂಡಿನಲ್ಲಿ ಈಸ್ಟ್ರೋಜನ್ ಇದೆ ಎಂಬುದು ಹೊಸ ಸುದ್ದಿಯೇನಲ್ಲ. 1927ರಲ್ಲೇ ಆಮ್‌ಸ್ಟರ್‌ಡ್ಯಾಮಿನ ಅರ್ನ್‌ಸ್ಟ್ ಲಾಕರ್ ಮತ್ತು ಸಂಗಡಿಗರು ಗಂಡಸರ ಮೂತ್ರದಲ್ಲಿ ಅದನ್ನು ಕಂಡಿದ್ದರು. ಜೋರಾಗಿ ಸದ್ದಾದದ್ದು 1934ರಲ್ಲಿ, ಬರ್ನ್‌ಹಾರ್ಡ್ ಜಾಂಡೆಕ್ ಅವರಿಂದ. ಯಹೂದಿ ಎಂಬ ಕಾರಣಕ್ಕೆ ನಾಜಿ ಆಡಳಿತ ಬರ್ಲಿನ್ನಿನ ಕೆಲಸದಿಂದ ಅವರನ್ನು ತೆಗೆದುಹಾಕಿದ ಮರುವರ್ಷ ಅದು. ಬೀಜದ ಕುದುರೆಯ ಮೂತ್ರದಲ್ಲಿ ಈಸ್ಟ್ರೋಜನ್ ಅಪಾರವಾಗಿದೆ, ಬೀಜ ತೆಗೆಸಿದ ಕುದುರೆಯದರಲ್ಲಿ ಅಷ್ಟಿಲ್ಲ ಎಂದು ಅವರು 'ನೇಚರ್' ಪತ್ರಿಕೆಯಲ್ಲಿ ಬರೆದರು. ಎರಡಕ್ಕೂ ಇರುವ ವ್ಯತ್ಯಾಸ ವೃಷಣ ಒಂದೇ. ತೀರ್ಮಾನಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. 1940ರಲ್ಲಿ ಕುದುರೆಯ ವೃಷಣದಿಂದಲೇ ಎಸ್ಟ್ರಾಡಯಾಲ್ ಮತ್ತು ಎಸ್ಟ್ರೋನ್ ಎರಡನ್ನೂ ಶುದ್ಧರೂಪದಲ್ಲಿ ಬೇರ್ಪಡಿಸಿ ತೆಗೆದದ್ದೂ ಆಯಿತು.

ಆ ಕಾಲದಲ್ಲಿ ಒಂದು ಮಿಲಿಗ್ರಾಂ ಹಾರ್ಮೋನಿನ ಬೆಲೆ ಏನಿತ್ತೆಂಬುದು ಕಚ್ಚಾಮಾಲಿನ ಲೆಕ್ಕದಿಂದ ತಿಳಿಯುತ್ತದೆ. 1931ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಪೊಲೀಸರಿಂದ ಸಂಗ್ರಹಿಸಿದ 15,000 ಲೀಟರ್ ಮೂತ್ರ ಬಟ್ಟಿ ಇಳಿಸಿ 15 ಮಿಲಿಗ್ರಾಂ ಆಂಡ್ರೊಸ್ಟೆರೋನ್ ಎಂಬ ಗಂಡು ಹಾರ್ಮೋನನ್ನು ಪಡೆದರು: ಲೀಟರಿಗೆ ಒಂದು ಮೈಕ್ರೋಗ್ರಾಂ. 1935ರಲ್ಲಿ ಲಾಕರ್ ಗುಂಪು ಹೋರಿಗಳ 100 ಕಿಲೋ ವೃಷಣದಿಂದ 10 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ತೆಗೆಯಿತು. ಒಬ್ಬ ಗಂಡಸು ಎರಡು ದಿನದೊಳಗೆ ತಯಾರಿಸುವಷ್ಟು! ಅದೇ ವರ್ಷ ಅಮೆರಿಕದ ಎಡ್ವರ್ಡ್ ಡಾಯ್ಸಿ ತಂಡ ನಾಲ್ಕು ಟನ್ ಹೆಣ್ಣುಹಂದಿಯ ಅಂಡಾಶಯಗಳನ್ನು ಅರೆದು ಶೋಧಿಸಿ ಪಡೆದ ಎಸ್ಟ್ರಾಡಯಾಲ್ 12 ಮಿಲಿಗ್ರಾಂ. ನಮ್ಮ 45 ಮೈಕ್ರೋಗ್ರಾಂ ದರದಲ್ಲಿ ಒಬ್ಬ ಗಂಡಸಿನ 267 ದಿನದ ಉತ್ಪಾದನೆ. ನಾಲ್ಕು ಟನ್ ಅಂಡಾಶಯದಿಂದ ಕೈಗೆ ಬಂದದ್ದು ಒಬ್ಬ ಗಂಡಸಿನ ಒಂಬತ್ತು ತಿಂಗಳ ಮಾಲು. ಅಂಗ ಹಾರ್ಮೋನನ್ನು ದಾಸ್ತಾನು ಇಡುವುದಿಲ್ಲ, ತಯಾರಾದದ್ದನ್ನು ತಯಾರಾದಂತೆಯೇ ರಕ್ತಕ್ಕೆ ಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ದುಬಾರಿ ಪುರಾವೆ ಸಿಕ್ಕಲಾರದು.

ಇದ್ದರೇನಾಯಿತು, ಅದರಿಂದ ಗಂಡಿಗೆ ಪ್ರಯೋಜನವಿದೆಯೇ? ಜಾಂಡೆಕ್ ನಂತರ ಅರವತ್ತು ವರ್ಷ ಈ ಪ್ರಶ್ನೆಗೆ ಗಟ್ಟಿ ಉತ್ತರವಿರಲಿಲ್ಲ. ಟೆಸ್ಟೋಸ್ಟೆರಾನ್ ತಯಾರಿಕೆಯಲ್ಲಿ ಉದುರಿದ ಚೂರುಪಾರು ಎಂದೇ ಬಹುಮಂದಿ ತಿಳಿದಿದ್ದರು. ಈಸ್ಟ್ರೋಜನನ್ನು ಗುರುತಿಸುವ ಗ್ರಾಹಕವನ್ನೇ ತೆಗೆದುಹಾಕಿದ ಸುಂಡಿಲಿಗಳು 1993ರಲ್ಲಿ ಸಿದ್ಧವಾದ ಮೇಲೆ ಚಿತ್ರ ಬದಲಾಯಿತು. ಆ ತಳಿಯ ಗಂಡುಗಳು ಬಂಜೆಯಾಗಿದ್ದವು. ಏಕೆಂಬುದನ್ನು ಇಲಿನಾಯ್‌ನ ರೆಕ್ಸ್ ಹೆಸ್ ತಂಡ 1997ರಲ್ಲಿ ಬಿಡಿಸಿತು, ಅದೂ 'ನೇಚರ್' ಪತ್ರಿಕೆಯಲ್ಲೇ.

ವೀರ್ಯಾಣುಗಳು ವೃಷಣದಿಂದ ಹೊರಡುವಾಗ ಧಾರಾಳ ದ್ರವದಲ್ಲಿ ತೇಲಿಕೊಂಡು ಬರುತ್ತವೆ. ವೃಷಣಕ್ಕೂ ಅದರ ಬೆನ್ನಿಗಂಟಿದ ಎಪಿಡಿಡಿಮಿಸ್ ನಾಳಕ್ಕೂ ನಡುವೆ ಮನುಷ್ಯನಲ್ಲಿ ಹನ್ನೆರಡು ಹದಿನೈದು ಸಣ್ಣ ಕಾಲುವೆಗಳಿವೆ. ಬಂದ ದ್ರವದಲ್ಲಿ ಶೇಕಡಾ 90ರಷ್ಟನ್ನು ಅವು ಹೀರಿ, ವೀರ್ಯಾಣುಗಳನ್ನು ದಟ್ಟವಾಗಿಸಿ ಮುಂದಕ್ಕೆ ಕಳಿಸುತ್ತವೆ. ಆ ಕಾಲುವೆಗಳಲ್ಲಿ ಈಸ್ಟ್ರೋಜನ್ ಗ್ರಾಹಕ ತುಂಬಿಕೊಂಡಿದೆ. ಗ್ರಾಹಕವಿಲ್ಲದ ಸುಂಡಿಲಿಯಲ್ಲಿ ಹೀರುವಿಕೆ ನಿಲ್ಲುತ್ತದೆ. ದ್ರವ ಹಿಂದಕ್ಕೆ ಒತ್ತಿ ವೃಷಣ ಮೊದಲು ಊದಿಕೊಳ್ಳುತ್ತದೆ, ಆಮೇಲೆ ಸೊರಗುತ್ತದೆ. ವೀರ್ಯಾಣು ತಯಾರಾಗುವ ಜಾಗದಲ್ಲಿ ಕೆಟ್ಟದ್ದೇನೂ ಇಲ್ಲದೆ, ಬರೀ ನೀರು ಇಂಗದೆ ಇಡೀ ಕಾರ್ಖಾನೆ ಮುಚ್ಚುತ್ತದೆ. ನಳಿಕೆಯೊಳಗಿನ ಈಸ್ಟ್ರೋಜನ್ ಯಾಕಿದೆ ಎಂಬುದಕ್ಕೆ ನನಗೆ ಗೊತ್ತಿರುವ ಉತ್ತರಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು ಇದು. ಅರೋಮಟೇಸ್ ಕಿಣ್ವ ಇಲ್ಲದ ಸುಂಡಿಲಿಗಳ ಕತೆ ಬೇರೆ: ಎಳೆತನದಲ್ಲಿ ಮರಿ ಹುಟ್ಟಿಸುತ್ತವೆ, ವಯಸ್ಸಾದಂತೆ ವೀರ್ಯಾಣು ತಯಾರಿಕೆ ಕೆಡುತ್ತದೆ.

ಮನುಷ್ಯರ ಲೆಕ್ಕಕ್ಕೆ ಬಂದರೆ ಮಾದರಿಗಳು ಬೆರಳೆಣಿಕೆ, ಪಾಠ ಮಾತ್ರ ದೊಡ್ಡದು. 1994ರಲ್ಲಿ ವರದಿಯಾದ 28 ವರ್ಷದ ವ್ಯಕ್ತಿಯೊಬ್ಬರಲ್ಲಿ ಈಸ್ಟ್ರೋಜನ್ ಗ್ರಾಹಕ ಕೆಲಸ ಮಾಡುತ್ತಿರಲಿಲ್ಲ. ಎತ್ತರ 204 ಸೆಂಟಿಮೀಟರ್, ಮೂಳೆಯ ವಯಸ್ಸು 15, ಇನ್ನೂ ಬೆಳೆಯುತ್ತಲೇ ಇದ್ದರು. ಅವರ ರಕ್ತದಲ್ಲಿ ಎಸ್ಟ್ರಾಡಯಾಲ್ 119 ಪಿಕೋಗ್ರಾಂ, ಸಾಮಾನ್ಯ ಗಂಡಸಿನ ಹಲವು ಪಟ್ಟು. ಪದಾರ್ಥ ರಾಶಿ ಬಿದ್ದಿದೆ, ಕೇಳಿಸಿಕೊಳ್ಳುವವರಿಲ್ಲ. ಮರುವರ್ಷ ವರದಿಯಾದ 24 ವರ್ಷದ ಇನ್ನೊಬ್ಬರಲ್ಲಿ ಕಿಣ್ವವೇ ಇರಲಿಲ್ಲ. ಕಾಕತಾಳೀಯವೆಂಬಂತೆ ಅವರ ಎತ್ತರವೂ 204; ಇಬ್ಬರ ಮೂಳೆಗಳೂ ಸವೆದಿದ್ದವು. ಅದೇ ಕಿಣ್ವದ ಕೊರತೆಯಿದ್ದ ಮೂರನೆಯವರಿಗೆ ಇಟಲಿಯಲ್ಲಿ ಟೆಸ್ಟೋಸ್ಟೆರಾನ್ ಕೊಟ್ಟಾಗ ಬೆಳೆಯುವ ಮೂಳೆಯ ತುದಿ ಬೆಸೆಯಲಿಲ್ಲ; ವಾರಕ್ಕೆರಡು ಬಾರಿ 50 ಮೈಕ್ರೋಗ್ರಾಮಿನ ಎಸ್ಟ್ರಾಡಯಾಲ್ ಪಟ್ಟಿ ಅಂಟಿಸಿದಾಗ ಒಂಬತ್ತು ತಿಂಗಳಲ್ಲಿ ಬೆಸೆಯಿತು.

2013ರಲ್ಲಿ ಅಮೆರಿಕದ ಫಿಂಕಲ್‌ಸ್ಟೈನ್ ತಂಡ ಈಸ್ಟ್ರೋಜನ್ನಿನ ಪಾತ್ರವನ್ನು ಆರೋಗ್ಯವಂತರಲ್ಲಿ ಪರೀಕ್ಷಿಸಿತು. 20ರಿಂದ 50 ವರ್ಷದೊಳಗಿನ ಗಂಡಸರ ಸ್ವಂತ ಹಾರ್ಮೋನನ್ನು ಔಷಧದಿಂದ ತಡೆದು 16 ವಾರ ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಸಿದರು. 198 ಮಂದಿಗೆ ಅಷ್ಟೇ. ಇನ್ನು 202 ಮಂದಿಗೆ ಅದರ ಜೊತೆ ಅರೋಮಟೇಸ್ ತಡೆಯುವ ಅನಾಸ್ಟ್ರೊಜೋಲ್ ಮಾತ್ರೆಯೂ. ಸ್ನಾಯುವಿನ ಗಾತ್ರ, ಬಲ ಟೆಸ್ಟೋಸ್ಟೆರಾನಿಗೆ ಸೇರಿದವು ಎಂದು ತಿಳಿಯಿತು. ಕೊಬ್ಬು ಕೂಡಿದ್ದು ಮುಖ್ಯವಾಗಿ ಈಸ್ಟ್ರೋಜನ್ ಕಡಿಮೆಯಾದ್ದರಿಂದ. ಲೈಂಗಿಕ ಆಸಕ್ತಿ ಕುಗ್ಗುವುದಕ್ಕೆ ಎರಡರ ಕೊರತೆಯೂ ಕಾರಣ. ಗಂಡಸಿನ ಈಸ್ಟ್ರೋಜನ್ ಇಳಿದಷ್ಟೂ ಗಂಡಸುತನ ಏರುತ್ತದೆ ಎಂಬ ಜಿಮ್ಮಿನ ವೇದಾಂತಕ್ಕೆ ಈ 400 ಮಂದಿಯ ಅಂಕಿ ಬೆಂಬಲ ಕೊಡುವುದಿಲ್ಲ.

ಜಿಮ್ಮಿನ ಮಾತು ಬಂತು, ಅಲ್ಲಿನ ಚುಚ್ಚುಮದ್ದಿನ ಲೆಕ್ಕವನ್ನೂ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಪ್ರಕಟಿಸಿದ ಗರ್ಭನಿರೋಧಕ ಪ್ರಯೋಗದಲ್ಲಿ 271 ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಎನಾಂಥೇಟ್ ಚುಚ್ಚಿದರು. ಅದರಲ್ಲಿ ನಿಜವಾದ ಟೆಸ್ಟೋಸ್ಟೆರಾನ್ 144 ಮಿಲಿಗ್ರಾಂ. ದೇಹ ತಾನಾಗಿ ವಾರಕ್ಕೆ ತಯಾರಿಸುವುದು 42, ಅಂದರೆ ಮೂರೂವರೆ ಪಟ್ಟು. ಹೌದು, ಗರ್ಭನಿರೋಧಕ ಪ್ರಯೋಗ, ಓದಿದ್ದು ತಪ್ಪಾಗಿಲ್ಲ. ಆರು ತಿಂಗಳೊಳಗೆ ವೀರ್ಯಾಣು ಸಂಖ್ಯೆ ಸೊನ್ನೆಗಿಳಿದ 157 ಮಂದಿಯನ್ನು ಮುಂದೆ ಒಂದು ವರ್ಷ ಗಮನಿಸಿದರೆ ಆದ ಗರ್ಭ ಒಂದು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದೊಡನೆ ಪಿಟ್ಯೂಟರಿ ಎಲ್‌ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ಲೇಡಿಗ್ ಕೋಶಗಳು ಸುಮ್ಮನಾಗುತ್ತವೆ. ಸಾಮಾನ್ಯವಾಗಿ ರಕ್ತಕ್ಕಿಂತ ನೂರು ಪಟ್ಟಿನಷ್ಟು ದಟ್ಟವಾಗಿರುವ ವೃಷಣದೊಳಗಿನ ಟೆಸ್ಟೋಸ್ಟೆರಾನ್ ಕುಸಿಯುತ್ತದೆ, ಅದನ್ನು ನಂಬಿದ ಅಲ್ಲಿನ ಎಸ್ಟ್ರಾಡಯಾಲಿಗೂ ಕಚ್ಚಾಮಾಲು ತಪ್ಪುತ್ತದೆ. ಅದೇ ಹೊತ್ತಿಗೆ ಚುಚ್ಚಿದ ಟೆಸ್ಟೋಸ್ಟೆರಾನ್ ಕೊಬ್ಬು, ಸ್ನಾಯುಗಳಲ್ಲಿ ಎಸ್ಟ್ರಾಡಯಾಲ್ ಆಗುತ್ತ ಹೋಗುವುದರಿಂದ ರಕ್ತದ ವರದಿಯಲ್ಲಿ ಎರಡೂ ಅಂಕಿ ಮೇಲೆ. ವರದಿ ಸಮೃದ್ಧಿ ತೋರಿಸುತ್ತಿರುವಾಗ ವೃಷಣ ಬೀಗ ಹಾಕಿಕೊಂಡಿರುತ್ತದೆ. ರಕ್ತದ ಒಂದೇ ಅಂಕಿಯಿಂದ ವೃಷಣದ ಒಳಸುದ್ದಿ ತಿಳಿಯದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬೊಜ್ಜಿನದು ಇದರ ನಿಧಾನ ರೂಪ. ಕೊಬ್ಬು ಹೆಚ್ಚಿದಷ್ಟೂ ಅರೋಮಟೇಸ್ ಹೆಚ್ಚು, ಹೊರಗಿನ ಆ 39 ಮೈಕ್ರೋಗ್ರಾಮಿನ ಬಾಬ್ತು ಉಬ್ಬುತ್ತದೆ, ಎಲ್‌ಎಚ್ ತಗ್ಗುತ್ತದೆ, ಟೆಸ್ಟೋಸ್ಟೆರಾನ್ ಇಳಿಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗಂಡಸರಲ್ಲಿ ಶೇಕಡಾ 23ರಷ್ಟು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಕರ್ನಾಟಕದಲ್ಲಿ ಇದು ಸುಮಾರು 31.

ಮಕ್ಕಳಾಗದ ಗಂಡಸರಲ್ಲಿ ವೈದ್ಯರು ನೋಡುವುದು ಎರಡು ಹಾರ್ಮೋನುಗಳ ಅನುಪಾತವನ್ನು. ಟೆಸ್ಟೋಸ್ಟೆರಾನನ್ನು ಡೆಸಿಲೀಟರಿಗೆ ನ್ಯಾನೋಗ್ರಾಮಿನಲ್ಲೂ ಎಸ್ಟ್ರಾಡಯಾಲನ್ನು ಮಿಲಿಲೀಟರಿಗೆ ಪಿಕೋಗ್ರಾಮಿನಲ್ಲೂ ಬರೆದು ಭಾಗಿಸುವುದು. 500ಕ್ಕೆ 25 ಆದರೆ 20. 300ಕ್ಕೆ 40 ಆದರೆ 7.5. ನ್ಯೂಯಾರ್ಕಿನ ವೈದ್ಯರು 2001ರಲ್ಲಿ ಪ್ರಕಟಿಸಿದಂತೆ ವೀರ್ಯಾಣು ತೀರಾ ಕಡಿಮೆಯಿದ್ದವರಲ್ಲಿ ಈ ಅನುಪಾತ ಸರಾಸರಿ 6.9, ಮಕ್ಕಳಿದ್ದವರಲ್ಲಿ 14.5. ಅಂದಿನಿಂದ ಹತ್ತರ ಕೆಳಗಿದ್ದರೆ ಅರೋಮಟೇಸ್ ತಡೆಯುವ ಮಾತ್ರೆಯನ್ನು ಆಯ್ದ ಕೆಲವರಿಗೆ ಕೊಟ್ಟು ನೋಡುವ ರೂಢಿ ಬಂದಿದೆ. ಆಯ್ದ ಕೆಲವರಿಗೆ ಎಂಬುದು ಮುಖ್ಯ. 204 ಸೆಂಟಿಮೀಟರಿನವರ ಸವೆದ ಮೂಳೆಗಳನ್ನು ನೆನಪಿಟ್ಟುಕೊಂಡ ಯಾವ ವೈದ್ಯರೂ ಈ ಮಾತ್ರೆಯನ್ನು ವರ್ಷಗಟ್ಟಲೆ ಮನಸ್ಸಿಗೆ ಬಂದಂತೆ ಬರೆಯಲಾರರು.

ಪರೀಕ್ಷೆಯ ಮಿತಿಯೂ ಗೊತ್ತಿರಲಿ. ಯಾವುದೇ ಗಳಿಗೆಯಲ್ಲಿ ಗಂಡಸಿನ ಮೂರು ಲೀಟರ್ ಪ್ಲಾಸ್ಮಾದಲ್ಲಿರುವ ಎಸ್ಟ್ರಾಡಯಾಲ್ ಬರೀ 75 ನ್ಯಾನೋಗ್ರಾಂ. ದಿನದ ಉತ್ಪಾದನೆ ಅದರ 600 ಪಟ್ಟು. ಅಷ್ಟೂ ಬರುತ್ತ ಹೋಗುತ್ತ ಇರುವಾಗ ಕ್ಲಿಕ್ಕಿಸಿದ ಒಂದು ಚಿತ್ರ ನಮ್ಮ ಕೈಯ ವರದಿ. ಮೇಲಾಗಿ ಪ್ರಯೋಗಾಲಯಗಳು ಸಾಮಾನ್ಯವಾಗಿ ಬಳಸುವ ಇಮ್ಯುನೊಅಸ್ಸೇ ವಿಧಾನ ಹೆಂಗಸರ ನೂರಾರು ಪಿಕೋಗ್ರಾಮಿಗೆ ಹೊಂದಿದಷ್ಟು ಗಂಡಸರ ಇಪ್ಪತ್ತು ಮೂವತ್ತಕ್ಕೆ ಹೊಂದುವುದಿಲ್ಲ. ಇಷ್ಟು ಕೆಳಗಿನ ಅಂಕಿಗೆ ಮಾಸ್ ಸ್ಪೆಕ್ಟ್ರೋಮೆಟ್ರಿ ವಾಸಿ, ಅದು ದುಬಾರಿ.

ಆದ್ದರಿಂದ ಈಸ್ಟ್ರೋಜನ್ ಇಳಿಸುತ್ತೇವೆಂದು ಡಬ್ಬಿಯಲ್ಲಿ ಬರುವ ಪುಡಿಗೆ ದುಡ್ಡು ಸುರಿಯಬೇಡಿ. ಒಂದು ವರ್ಷ ಪ್ರಯತ್ನಿಸಿಯೂ ಮಕ್ಕಳಾಗದಿದ್ದರೆ ಗಂಡಸು ಮೊದಲು ಮಾಡಿಸಬೇಕಾದದ್ದು ಹಾರ್ಮೋನು ಪರೀಕ್ಷೆಯಲ್ಲ, ವೀರ್ಯ ಪರೀಕ್ಷೆ. ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಎಂಬುದು 2021ರ ವಿಶ್ವ ಆರೋಗ್ಯ ಸಂಸ್ಥೆಯ ಕೆಳಮಿತಿ. ಹಾರ್ಮೋನು ನೋಡಲೇಬೇಕಾಗಿ ಬಂದರೆ ರಕ್ತವನ್ನು ಬೆಳಿಗ್ಗೆ ಕೊಡಿ, ಟೆಸ್ಟೋಸ್ಟೆರಾನ್ ಮತ್ತು ಎಸ್ಟ್ರಾಡಯಾಲ್ ಎರಡನ್ನೂ ಒಟ್ಟಿಗೆ ಮಾಡಿಸಿ, ಯಾವ ವಿಧಾನದಲ್ಲಿ ಅಳೆದರೆಂದು ಕೇಳಿ ಬರೆಸಿಕೊಳ್ಳಿ. ಟೆಸ್ಟೋಸ್ಟೆರಾನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ.